ಫೋಟೋ ನೋಡಿ ಬರೆಯುವ ಮುಖ

ಕನ್ನಡದಲ್ಲಿ ‘ಭಾವಚಿತ್ರ’ ಎಂಬ ಪದ ಎರಡು ಬೇರೆ ಬೇರೆ ವಸ್ತುಗಳಿಗೆ ಸಲ್ಲುತ್ತದೆ. ಸರ್ಕಾರಿ ಅರ್ಜಿಯ ಮೂಲೆಯಲ್ಲಿ ಅಂಟಿಸಬೇಕಾದ ಪಾಸ್‌ಪೋರ್ಟ್ ಅಳತೆಯ ಫೋಟೋ ಭಾವಚಿತ್ರವಾದರೆ, ಶಾಲೆಯ ಸಭಾಂಗಣದ ಗೋಡೆಯ ಮೇಲೆ ಗಂಧದ ಹಾರ ಹಾಕಿಸಿಕೊಂಡಿರುವ ಸಂಸ್ಥಾಪಕರ ತೈಲಚಿತ್ರವೂ ಭಾವಚಿತ್ರವೇ. ಇವೆರಡೂ ಬಳಕೆಯಲ್ಲಿ ಬೆರೆತುಹೋಗಿರುವುದು ಅಕಾರಣವೇನಲ್ಲ, ಏಕೆಂದರೆ ಗೋಡೆಯ ಮೇಲಿನ ಇಂಥ ತೈಲಚಿತ್ರಗಳಲ್ಲಿ ಬಹಳಷ್ಟು, ವ್ಯಕ್ತಿಯನ್ನು ಎದುರಿಗೆ ಕೂರಿಸಿಕೊಂಡು ಬರೆದವಲ್ಲ, ಅವರ ಫೋಟೋ ನೋಡಿಕೊಂಡು ಬರೆದವು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಾತ್ರ ಈ ಬೆರಕೆಯಿಲ್ಲ. ಕನ್ನಡಿಯೊಳಗಿನ ಪ್ರತಿಬಿಂಬದಂತೆ ಮೂಲವನ್ನೇ ಹೋಲುವ ಚಿತ್ರವನ್ನು ಆ ಗ್ರಂಥ ‘ವಿದ್ಧಚಿತ್ರ’ವೆಂದು ಕರೆದು, ಕಂಡೊಡನೆ ನೋಡುವವರ ಮನಸ್ಸಿನಲ್ಲಿ ಶೃಂಗಾರಾದಿ ರಸಗಳನ್ನು ಮೂಡಿಸುವ ಚಿತ್ರಕ್ಕೆ ‘ಭಾವಚಿತ್ರ’ ಎಂಬ ಹೆಸರನ್ನು ಮೀಸಲಿಡುತ್ತದೆ. ಆ ಲೆಕ್ಕದಲ್ಲಿ ಕ್ಯಾಮೆರಾ ತೆಗೆದುಕೊಡುವುದು ವಿದ್ಧಚಿತ್ರವನ್ನು; ಅದನ್ನು ಹಿಡಿದುಕೊಂಡು ಕಲಾವಿದರ ಬಾಗಿಲಿಗೆ ಬರುವವರು ಕೇಳುವುದು ಭಾವಚಿತ್ರವನ್ನು. ಫೋಟೋವನ್ನು ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಎಂಬ ತೀರ್ಮಾನವೇ ಈ ಕೆಲಸದ ಹೆಚ್ಚಿನ ಪಾಲು. ಬಣ್ಣ ಹಚ್ಚುವುದು ಉಳಿದ ಪಾಲು.

ಫೋಟೋ ನೋಡಿ ಬರೆಯುವುದು ಅಡ್ಡದಾರಿ ಎಂಬ ಅಭಿಪ್ರಾಯ ಕಲಾಶಾಲೆಗಳಲ್ಲಿ ಇಂದಿಗೂ ಪೂರ್ತಿ ಅಳಿದಿಲ್ಲ. ಆದರೆ ಈ ದಾರಿಗೆ ಫೋಟೋಗ್ರಫಿಯಷ್ಟೇ ವಯಸ್ಸಾಗಿದೆ. ಫ್ರಾನ್ಸಿನ ಡಾಗೇರ್ ತನ್ನ ವಿಧಾನವನ್ನು ಲೋಕಕ್ಕೆ ತಿಳಿಸಿದ್ದು 1839ರಲ್ಲಿ. ನಾಲ್ಕೇ ವರ್ಷಗಳ ಬಳಿಕ, 1843ರ ಮೇ ತಿಂಗಳಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಅಲ್ಲಿನ ಅಧಿಕೃತ ಚರ್ಚಿನಿಂದ ನೂರಾರು ಪಾದ್ರಿಗಳು ಹೊರನಡೆದು ತಮ್ಮದೇ ಸ್ವತಂತ್ರ ಚರ್ಚನ್ನು ಕಟ್ಟಿದಾಗ, ಆ ಘಟನೆಯನ್ನು ಒಂದು ದೊಡ್ಡ ಚಿತ್ರದಲ್ಲಿ ಹಿಡಿದಿಡಲು ಡೇವಿಡ್ ಆಕ್ಟೇವಿಯಸ್ ಹಿಲ್ ಎಂಬ ಕಲಾವಿದ ನಿರ್ಧರಿಸಿದ. ಹಿಲ್ ಮೂಲತಃ ನಿಸರ್ಗದೃಶ್ಯಗಳನ್ನು ಬರೆಯುತ್ತಿದ್ದವನು. ಸಭೆ ಮುಗಿದು ಊರೂರಿಗೆ ಚದುರಿಹೋಗುವ ನೂರಾರು ಜನರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಬರೆಯುವುದು ಆಗದ ಮಾತಾದ್ದರಿಂದ, ಭೌತವಿಜ್ಞಾನಿ ಡೇವಿಡ್ ಬ್ರೂಸ್ಟರ್ ಅವರ ಸಲಹೆಯಂತೆ ರಾಬರ್ಟ್ ಆಡಮ್ಸನ್ ಎಂಬ ತರುಣನೊಡನೆ ಕೂಡಿ ಅವರೆಲ್ಲರ ಕ್ಯಾಲೊಟೈಪ್‌ಗಳನ್ನು, ಎಂದರೆ ಕಾಗದದ ನೆಗೆಟಿವ್‌ನಿಂದ ಅಚ್ಚು ತೆಗೆಯುವ ಬಗೆಯ ಫೋಟೋಗಳನ್ನು, ತೆಗೆಯಲಾಯಿತು. ಆಡಮ್ಸನ್ 1848ರಲ್ಲಿ, ಇನ್ನೂ 26ರ ಹರೆಯದಲ್ಲಿ ತೀರಿಕೊಂಡ. 457 ಮುಖಗಳುಳ್ಳ ಆ ಚಿತ್ರ ಮುಗಿದದ್ದು 1866ರಲ್ಲಿ, ಆರಂಭವಾದ 23 ವರ್ಷಗಳ ಮೇಲೆ. ವಿಪರ್ಯಾಸವೆಂದರೆ ಬರಿಯ ಸಹಾಯಕ್ಕೆಂದು ತೆಗೆದ ಆ ಫೋಟೋಗಳು ಇಂದು ಫೋಟೋಗ್ರಫಿಯ ಇತಿಹಾಸದ ಮೊದಲ ಶ್ರೇಷ್ಠ ಕೃತಿಗಳೆನಿಸಿವೆ, ಚಿತ್ರಕ್ಕೆ ಮಾತ್ರ ಅಂಥ ಮನ್ನಣೆ ದಕ್ಕಲಿಲ್ಲ. ಪ್ರತಿಯೊಂದು ತಲೆಯೂ ತನ್ನ ಫೋಟೋದಲ್ಲಿದ್ದ ಬೆಳಕನ್ನು ಹೊತ್ತುಕೊಂಡೇ ಚಿತ್ರದೊಳಗೆ ಬಂದು ಕುಳಿತಿರುವುದರಿಂದ, ಒಂದೇ ಕೋಣೆಯಲ್ಲಿ ಒಂದೇ ಗಾಳಿ ಉಸಿರಾಡುತ್ತಿರುವ ಜನರಂತೆ ಅವರು ಕಾಣುವುದಿಲ್ಲ.

ಇದರ ಪಕ್ಕದಲ್ಲಿಟ್ಟು ನೋಡಬಹುದಾದ ಕೆಲಸವೊಂದು ಮೈಸೂರಿನಲ್ಲೇ ಇದೆ. ಅರಮನೆಯ ಕಲ್ಯಾಣಮಂಟಪದ ಗೋಡೆಗಳನ್ನು ಸುತ್ತುವರಿದಿರುವ, ದಸರಾ ಮೆರವಣಿಗೆಯನ್ನು ಚಿತ್ರಿಸುವ 26 ವರ್ಣಚಿತ್ರಗಳು ಫೋಟೋಗಳನ್ನು ಆಧರಿಸಿ ಮೈಸೂರಿನ ಕಲಾವಿದರು ಬರೆದಂಥವು. 1934ರಲ್ಲಿ ಆರಂಭವಾದ ಆ ಕೆಲಸ ಹತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಅಲ್ಲಿಯೂ ನೂರಾರು ಮುಖಗಳಿವೆ: ಅಂಬಾರಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು, ಕುದುರೆಯ ಮೇಲಿನ ಸವಾರರು, ಊಳಿಗದವರು, ದಾರಿಯ ಇಬ್ಬದಿಯ ಜನ. ಆದರೂ ಹಿಲ್‌ನ ಚಿತ್ರಕ್ಕೆ ಬಂದ ತೊಡಕು ಇಲ್ಲಿ ಅಷ್ಟಾಗಿ ಕಾಣುವುದಿಲ್ಲ. ಕಪ್ಪು-ಬಿಳುಪಿನ ಫೋಟೋ ಆಕಾರವನ್ನಷ್ಟೇ ಕೊಡಬಲ್ಲದು. ಜರಿಪೇಟದ ಹೊಳಪು, ಆನೆಯ ಜೂಲಿನ ಬಣ್ಣ, ಬಯಲ ಬಿಸಿಲು ಇವೆಲ್ಲ ವರ್ಷ ವರ್ಷವೂ ಜಂಬೂಸವಾರಿಯನ್ನು ಬೀದಿಯಲ್ಲಿ ನಿಂತು ನೋಡಿದವರ ಕಣ್ಣಿನಿಂದ ಬರಬೇಕಾಗಿತ್ತು, ಬಂದಿದೆ. ಅದಕ್ಕೂ ಮುಂಚೆ, 1885ರಲ್ಲಿ ಚಾಮರಾಜೇಂದ್ರ ಒಡೆಯರ ಆಹ್ವಾನದ ಮೇಲೆ ಮೈಸೂರಿಗೆ ಬಂದು ರಾಜಮನೆತನದವರ ಚಿತ್ರಗಳನ್ನು ಬರೆದ ರಾಜಾ ರವಿವರ್ಮನೂ ತನ್ನ ವೃತ್ತಿಯಲ್ಲಿ ಫೋಟೋಗಳ ನೆರವನ್ನು ಪಡೆಯುತ್ತಿದ್ದನೆಂಬುದನ್ನು ಕಲಾ ಇತಿಹಾಸಕಾರರು ಗುರುತಿಸಿದ್ದಾರೆ.

ಫೋಟೋ ಸುಳ್ಳು ಹೇಳುವ ಬಗೆಗಳಲ್ಲಿ ಮೊದಲನೆಯದು ದೂರಕ್ಕೆ ಸಂಬಂಧಿಸಿದ್ದು. ಮನುಷ್ಯನ ಮೂಗಿನ ತುದಿಗೂ ಕಿವಿಗೂ ನಡುವೆ ಸುಮಾರು 12 ಸೆಂಟಿಮೀಟರ್ ಅಂತರವಿರುತ್ತದೆ. ಮುಖದಿಂದ 40 ಸೆಂಟಿಮೀಟರ್ ದೂರದಲ್ಲಿ ಮೊಬೈಲ್ ಹಿಡಿದು ಸೆಲ್ಫಿ ತೆಗೆದಾಗ ಮೂಗು 40ರಲ್ಲೂ ಕಿವಿ 52ರಲ್ಲೂ ಇರುವುದರಿಂದ, ಮೂಗು ಕಿವಿಗಿಂತ ಶೇಕಡಾ 30ರಷ್ಟು ಹೆಚ್ಚಿನ ಅಳತೆಯಲ್ಲಿ ಮೂಡುತ್ತದೆ. ಅದೇ ಮುಖವನ್ನು ಎರಡು ಮೀಟರ್ ದೂರದಿಂದ ತೆಗೆದರೆ ಈ ವ್ಯತ್ಯಾಸ ಶೇಕಡಾ 6ಕ್ಕೆ ಇಳಿಯುತ್ತದೆ. ಮುಖದ ಚಿತ್ರಕ್ಕೆ ಸ್ಟುಡಿಯೋದವರು ಒಂದೂವರೆ-ಎರಡು ಮೀಟರ್ ಹಿಂದೆ ನಿಂತು ಉದ್ದನೆಯ ಲೆನ್ಸ್ ಬಳಸುವುದು ಈ ಕಾರಣಕ್ಕಾಗಿ. ಸೆಲ್ಫಿಯನ್ನು ಇದ್ದಹಾಗೇ ಕ್ಯಾನ್ವಾಸಿಗೆ ಇಳಿಸಿದರೆ ಮೂಗು ಮುಂದೆ ಚಾಚಿ, ಕಿವಿಗಳು ಹಿಂದೆ ಸರಿದು, ಮುಖ ಲಿಂಬೆಹಣ್ಣಿನ ತುದಿಯಂತೆ ಕಾಣುತ್ತದೆ. ಚಿಕ್ಕ ಪರದೆಯ ಮೇಲೆ ಕಣ್ಣು ಇದನ್ನು ಮನ್ನಿಸಿಬಿಡುತ್ತದೆ, ಗೋಡೆಯ ಮೇಲೆ ಮನ್ನಿಸುವುದಿಲ್ಲ. ಎರಡನೆಯ ತೊಡಕು ಬೆಳಕಿನದು. ಕ್ಯಾಮೆರಾದ ಮೇಲೇ ಕುಳಿತ ಫ್ಲಾಶ್ ಎದುರಿನಿಂದ ಬೆಳಕು ಚೆಲ್ಲಿ ಕೆನ್ನೆಯ ಇಳಿಜಾರನ್ನೂ ಕಣ್ಣಗುಳಿಯ ಆಳವನ್ನೂ ಒರೆಸಿಹಾಕುವುದರಿಂದ, ಅಂಥ ಫೋಟೋದಲ್ಲಿ ಮುಖ ಚಪ್ಪಟೆಯಾದ ತಟ್ಟೆಯಂತಿರುತ್ತದೆ. ಒಂದು ಪಕ್ಕದ ಕಿಟಕಿಯಿಂದ ಬೆಳಕು ಬಿದ್ದ, ನೆರಳಿನ ಭಾಗವೂ ಒಳಗೊಳಗೆ ಕಾಣುವ ಫೋಟೋ ಸ್ವಲ್ಪ ಮಸುಕಾಗಿದ್ದರೂ ಕಲಾವಿದರು ಅದನ್ನೇ ಆರಿಸಿಕೊಳ್ಳುತ್ತಾರೆ.

ಹಳೆಯ ಫೋಟೋಗಳ ಕಥೆ ಇನ್ನೂ ಸೂಕ್ಷ್ಮವಾದದ್ದು. ಫೋಟೋಗ್ರಫಿಯ ಮೊದಲ ದಶಕಗಳ ರಾಸಾಯನಿಕ ಲೇಪಗಳು ನೀಲಿ ಬೆಳಕಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತಿದ್ದವು. ಆಮೇಲೆ ಬಂದ, ಆರ್ಥೋಕ್ರೋಮ್ಯಾಟಿಕ್ ಎಂದು ಕರೆಯುವ ಲೇಪಗಳು ಹಸಿರನ್ನೂ ಗ್ರಹಿಸಿದವಾದರೂ ಕೆಂಪಿಗೆ ಕುರುಡಾಗಿಯೇ ಉಳಿದವು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾನ್‌ಕ್ರೋಮ್ಯಾಟಿಕ್ ಫಿಲ್ಮ್ ಎಲ್ಲೆಡೆ ಬಳಕೆಗೆ ಬರುವ ಹೊತ್ತಿಗೆ 20ನೆಯ ಶತಮಾನದ ಎರಡು-ಮೂರು ದಶಕಗಳು ಕಳೆದಿದ್ದವು. ಇದರ ಪರಿಣಾಮವನ್ನು ಅಜ್ಜಿಯ ಕಾಲದ ಫೋಟೋದಲ್ಲಿ ಕಣ್ಣಾರೆ ಕಾಣಬಹುದು: ಹಣೆಯ ಕುಂಕುಮ ಮಸಿಯ ಬೊಟ್ಟಿನಂತಿರುತ್ತದೆ, ತಾಂಬೂಲದ ತುಟಿ ಕಪ್ಪಿಟ್ಟಿರುತ್ತದೆ, ಕೆಂಪು ಸೀರೆ ಕಪ್ಪು ಸೀರೆಯಾಗಿರುತ್ತದೆ, ತಿಳಿನೀಲಿ ಸೀರೆ ಬಿಳಿಯದರಂತೆ ತೋರುತ್ತದೆ. ಗೋದಿಬಣ್ಣದ ಚರ್ಮದಲ್ಲಿ ಕೆಂಪು-ಕಂದಿನ ಅಂಶ ಹೆಚ್ಚಾದ್ದರಿಂದ ಮುಖವೂ ಇದ್ದುದಕ್ಕಿಂತ ಕಪ್ಪಾಗಿ ಮೂಡುತ್ತದೆ. ಇದನ್ನರಿಯದ ಕಲಾವಿದರು ಸುಮಂಗಲಿಯಾಗಿದ್ದ ಹೆಣ್ಣುಮಗಳಿಗೆ ಕಪ್ಪು ಸೀರೆ ಉಡಿಸಿ, ಮನೆಯವರ ಮುಖ ಗಂಟಿಕ್ಕುವಂತೆ ಮಾಡಿಬಿಡಬಲ್ಲರು. ಇನ್ನು ಸ್ಟುಡಿಯೋಗಳಲ್ಲಿ ನೆಗೆಟಿವ್‌ನ ಮೇಲೆಯೇ ಸಣ್ಣ ಮೊನೆಯ ಪೆನ್ಸಿಲ್ಲಿನಿಂದ ತಿದ್ದಿ ಸುಕ್ಕುಗಳನ್ನೂ ಮೈಲಿ ಕಲೆಗಳನ್ನೂ ಅಳಿಸುವ ರೂಢಿ ಬಹುಕಾಲ ಇತ್ತಾದ್ದರಿಂದ, ಅಚ್ಚುಕಟ್ಟಾಗಿ ಕಾಣುವ ಹಳೆಯ ಫೋಟೋ ಕೂಡ ಅರ್ಧ ಕೈಬರಹವೇ ಆಗಿರುತ್ತದೆ. ಇಂದಿನ ಮೊಬೈಲುಗಳು ಕೇಳದೆಯೇ ಚರ್ಮವನ್ನು ನುಣುಪಾಗಿಸುವಾಗ ಮಾಡುತ್ತಿರುವುದು ಅದೇ ಹಳೆಯ ಕೆಲಸವನ್ನು.

ಎಡ-ಬಲದ ಗೊಂದಲ ಮತ್ತೊಂದು. ಡಾಗೇರ್ ವಿಧಾನದ ಚಿತ್ರಗಳು ಸಾಮಾನ್ಯವಾಗಿ ಕನ್ನಡಿಯಂತೆ ಮಗುಚಿಯೇ ಮೂಡುತ್ತಿದ್ದವು. ನೆಗೆಟಿವನ್ನು ತಿರುವುಮುರುವು ಮಾಡಿ ಅಚ್ಚು ಹಾಕಿದಾಗಲೂ, ಕೆಲವು ಮೊಬೈಲುಗಳಲ್ಲಿ ಮುಂಭಾಗದ ಕ್ಯಾಮೆರಾ ಬಳಸಿದಾಗಲೂ ಆಗುವುದು ಇದೇ. ಸೀರೆಯ ಸೆರಗು ಬಲಭುಜಕ್ಕೆ ಬಂದಿದ್ದರೆ, ಅಂಗಿಯ ಗುಂಡಿಗಳ ಪಟ್ಟಿ ಅದಲುಬದಲಾಗಿದ್ದರೆ ಅನುಮಾನಿಸಬೇಕು. ಜನಿವಾರದ ವಿಷಯದಲ್ಲಂತೂ ಇದು ಸಣ್ಣ ತಪ್ಪಲ್ಲ, ಏಕೆಂದರೆ ಎಡಭುಜದಿಂದ ಇಳಿಯಬೇಕಾದ ಜನಿವಾರ ಬಲಭುಜದಿಂದ ಇಳಿದರೆ ಅದು ಪಿತೃಕಾರ್ಯದ ಅಪಸವ್ಯವಾಗುತ್ತದೆ. ಮುಖವನ್ನು ಮಗುಚಿದರೆ ಹೋಲಿಕೆಗೂ ಪೆಟ್ಟು ಬೀಳುತ್ತದೆ. ಯಾರ ಮುಖದ ಎರಡು ಅರ್ಧಗಳೂ ಸಮನಾಗಿರುವುದಿಲ್ಲ, ಮನೆಯವರ ನೆನಪಿನಲ್ಲಿರುವುದು ಎದುರಿಗೆ ನಿಂತು ನೋಡಿದ ಮುಖ.

ಫೋಟೋವನ್ನು ಹೀಗೆ ಓದಿಕೊಂಡ ಮೇಲೆ ರೇಖೆಯನ್ನು ಕ್ಯಾನ್ವಾಸಿಗೆ ಇಳಿಸುವ ಕೆಲಸ. ಇದಕ್ಕೆ ಬಹಳ ಹಿಂದಿನಿಂದ ನಡೆದುಬಂದಿರುವುದು ಚೌಕಳಿ ವಿಧಾನ: ಫೋಟೋದ ಮೇಲೆ ಪಾರದರ್ಶಕ ಹಾಳೆಯನ್ನಿಟ್ಟು ಅದರ ಮೇಲೆ ಸಮನಾದ ಚೌಕಗಳನ್ನು ಎಳೆದು, ಅಷ್ಟೇ ಸಂಖ್ಯೆಯ ದೊಡ್ಡ ಚೌಕಗಳನ್ನು ಕ್ಯಾನ್ವಾಸಿನ ಮೇಲೆ ಇದ್ದಿಲಿನಿಂದ ಗುರುತಿಸಿ, ಒಂದೊಂದು ಚೌಕದಲ್ಲಿ ಗೆರೆ ಎಲ್ಲಿ ಒಳಬಂದು ಎಲ್ಲಿ ಹೊರಹೋಗುತ್ತದೆ ಎಂಬುದನ್ನು ನೋಡಿಕೊಂಡು ಬರೆಯುತ್ತ ಹೋಗುವುದು. ಬೀದಿಬದಿಯ ಎತ್ತರದ ಕಟೌಟುಗಳನ್ನು ಬರೆಯುತ್ತಿದ್ದ ಬ್ಯಾನರ್ ಕಲಾವಿದರ ಬಂಡವಾಳವೂ ಇದೇ ಆಗಿತ್ತು. ಪಾಸ್‌ಪೋರ್ಟ್ ಅಳತೆಯ ಫೋಟೋ 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರ ಇರುತ್ತದೆ. ಅದರಲ್ಲಿ ನೆತ್ತಿಯಿಂದ ಗಲ್ಲದವರೆಗೆ ಸುಮಾರು 3 ಸೆಂಟಿಮೀಟರ್. ಚಿತ್ರದ ತಲೆ ನಿಜದ ತಲೆಗಿಂತ ಕೊಂಚ ಚಿಕ್ಕದಿರುವುದು ವಾಡಿಕೆಯಾದ್ದರಿಂದ ಅದನ್ನು 21 ಸೆಂಟಿಮೀಟರಿಗೆ ಬೆಳೆಸಬೇಕೆಂದುಕೊಂಡರೆ ಏಳು ಪಟ್ಟಾಯಿತು, ಅರ್ಧ ಸೆಂಟಿಮೀಟರಿನ ಚೌಕ ಮೂರೂವರೆ ಸೆಂಟಿಮೀಟರಿನದಾಯಿತು. ಫೋಟೋದ ಮೇಲೆ ಒಂದು ಮಿಲಿಮೀಟರ್ ತಪ್ಪಿದರೆ ಕ್ಯಾನ್ವಾಸಿನಲ್ಲಿ ಏಳು ಮಿಲಿಮೀಟರ್ ತಪ್ಪುತ್ತದೆ. ಎರಡು ಕಣ್ಣುಗಳ ನಡುವೆ ಇರುವುದೇ ಹೆಚ್ಚುಕಡಿಮೆ ಒಂದು ಕಣ್ಣಿನ ಅಗಲದಷ್ಟು ಜಾಗ. ಅಲ್ಲಿ ಏಳು ಮಿಲಿಮೀಟರ್ ಹೆಚ್ಚಾದರೆ ಅದು ಬೇರೆಯವರ ಮುಖ. ಹಾಗಾಗಿಯೇ ಕಣ್ಣು, ಮೂಗು, ಬಾಯಿ ಬರುವ ಚೌಕಗಳನ್ನು ಮತ್ತೆ ನಾಲ್ಕಾಗಿ ಸೀಳಲಾಗುತ್ತದೆ, ತಲೆಯ ಒಟ್ಟು ಎತ್ತರದ ನಡುಮಧ್ಯದಲ್ಲಿ ಕಣ್ಣುಗಳು ಬಂದಿವೆಯೇ ಎಂದು ಮತ್ತೊಮ್ಮೆ ಅಳೆಯಲಾಗುತ್ತದೆ. ಹೊಸಬರು ಹಣೆಯನ್ನು ಗಿಡ್ಡ ಮಾಡಿ ಕಣ್ಣುಗಳನ್ನು ಮೇಲಕ್ಕೇರಿಸುವುದು ತಪ್ಪದೆ ಕಾಣುವ ದೋಷ.

ಚೌಕಳಿಗೆ ಬದಲು ಪ್ರೊಜೆಕ್ಟರಿನಿಂದ ಫೋಟೋವನ್ನು ನೇರವಾಗಿ ಕ್ಯಾನ್ವಾಸಿನ ಮೇಲೆ ಬಿಟ್ಟು ಗೆರೆ ತೆಗೆದುಕೊಳ್ಳುವವರೂ ಇದ್ದಾರೆ. ಅದು ಅರ್ಧ ಗಂಟೆಯ ಕೆಲಸ, ತಪ್ಪೂ ಅಲ್ಲ. ಆದರೆ ಚೌಕಳಿ ಎಳೆಯುವಾಗ ಕೈ ಎರಡು ದಿನ ಆ ಮುಖದಲ್ಲಿ ಅಡ್ಡಾಡಿ ಅದರ ಏರುತಗ್ಗು ಕಲಿಯುತ್ತದೆ, ಪ್ರೊಜೆಕ್ಟರ್ ಆ ಕಲಿಕೆಗೆ ಅವಕಾಶ ಕೊಡುವುದಿಲ್ಲ. ಗೆರೆ ಮುಗಿದ ಮೇಲೆ ಚಿತ್ರವನ್ನೂ ಫೋಟೋವನ್ನೂ ತಲೆಕೆಳಗಾಗಿಸಿ ನೋಡುವುದು, ಬೆನ್ನು ತಿರುಗಿಸಿ ನಿಂತು ಕನ್ನಡಿಯಲ್ಲಿ ನೋಡುವುದು ಹಳೆಯ ಉಪಾಯಗಳು. ತಲೆಕೆಳಗಾದ ಮುಖವನ್ನು ಮನಸ್ಸು ಮುಖವೆಂದು ಓದದೆ ಬರಿಯ ಆಕಾರವಾಗಿ ನೋಡುವುದರಿಂದ ಓರೆಯಾದ ದವಡೆ ತಟ್ಟನೆ ಸಿಕ್ಕಿಬೀಳುತ್ತದೆ.

ಫೋಟೋದಲ್ಲಿ ಇಲ್ಲದಿರುವ ಭಾಗವನ್ನು ಎಲ್ಲಿಂದ ತರುವುದು ಎಂಬುದೂ ಸಾಮಾನ್ಯ ಸಮಸ್ಯೆಯೇ. ಮನೆಯಲ್ಲಿ ಉಳಿದಿರುವುದು ಮದುವೆಯ ಗುಂಪು ಫೋಟೋದಲ್ಲಿ ಉಗುರಿನಷ್ಟು ಕಾಣುವ ಮುಖ. ಬೇಕಾಗಿರುವುದು ಕುರ್ಚಿಯಲ್ಲಿ ಕುಳಿತು ಶಾಲು ಹೊದ್ದ ಯಜಮಾನರ ಅರ್ಧ ಗಾತ್ರದ ಚಿತ್ರ. ಆಗ ಅದೇ ಮೈಕಟ್ಟಿನ ಮಗನನ್ನೋ ಮೊಮ್ಮಗನನ್ನೋ ಶಾಲು ಹೊದಿಸಿ ಕೂರಿಸಿ ಭುಜ, ಮಡಿಕೆ, ಕೈಗಳನ್ನು ಬರೆದುಕೊಳ್ಳಲಾಗುತ್ತದೆ. ಇಲ್ಲಿ ಎಚ್ಚರ ಬೇಕಾದದ್ದು ಬೆಳಕಿನ ದಿಕ್ಕಿಗೆ: ಫೋಟೋದಲ್ಲಿ ಮುಖಕ್ಕೆ ಬೆಳಕು ಎಡದಿಂದ ಬಿದ್ದಿದ್ದರೆ ಮೊಮ್ಮಗನನ್ನೂ ಕಿಟಕಿಯ ಅದೇ ಪಕ್ಕಕ್ಕೆ ಕೂರಿಸಬೇಕು. ಹಿಲ್‌ನ ಪಾದ್ರಿಗಳಿಗೆ ಒದಗದೆ ಹೋದ ಉಪಚಾರ ಇದು.

ತೈಲವರ್ಣದಲ್ಲಿ ಬಣ್ಣ ನೇರವಾಗಿ ಬರುವುದಿಲ್ಲ. ಸರೇಸು ಮತ್ತು ಬಿಳಿಯ ಲೇಪ ಹಚ್ಚಿ ಹದಗೊಳಿಸಿದ ಹತ್ತಿಯ ಅಥವಾ ಲಿನನ್ನಿನ ಕ್ಯಾನ್ವಾಸಿಗೆ ಮೊದಲು ಟರ್ಪೆಂಟೈನಿನಲ್ಲಿ ತೆಳುವಾಗಿ ಕಲಸಿದ ಕಂದುಬಣ್ಣವನ್ನು ಬಳಿದು, ಆ ನೆಲದ ಮೇಲೆ ಮುಖದ ನೆರಳು-ಬೆಳಕನ್ನಷ್ಟೇ ಕಂದು ಮತ್ತು ಬಿಳಿಯಲ್ಲಿ ಕಟ್ಟಲಾಗುತ್ತದೆ; ಇದಕ್ಕೆ ಅಡಿಚಿತ್ರ ಎನ್ನಬಹುದು. ಈ ಹಂತದಲ್ಲಿ ಕಲಾವಿದರು ಕಣ್ಣನ್ನು ಅರೆಮುಚ್ಚಿಕೊಂಡು ನೋಡುತ್ತಿರುತ್ತಾರೆ, ಏಕೆಂದರೆ ಹಾಗೆ ನೋಡಿದಾಗ ರೆಪ್ಪೆಯ ಕೂದಲು, ಮೀಸೆಯ ಎಳೆ ಮೊದಲಾದ ವಿವರಗಳು ಕರಗಿ ದೊಡ್ಡ ನೆರಳು ಮತ್ತು ದೊಡ್ಡ ಬೆಳಕು ಮಾತ್ರ ಉಳಿಯುತ್ತವೆ. ಹೋಲಿಕೆ ನಿಲ್ಲುವುದು ಆ ದೊಡ್ಡ ಭಾಗಗಳ ಮೇಲೆ. ದೂರದಿಂದ ನಡೆದುಬರುವ ಪರಿಚಿತರನ್ನು ಕಣ್ಣು-ಮೂಗು ಕಾಣುವ ಮೊದಲೇ ಯಾರಾದರೂ ಗುರುತಿಸುತ್ತಾರೆ. ಒಂದರ ಮೇಲೊಂದು ಪದರ ಹಾಕುವಾಗ ಕೆಳಗಿನದರಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಇರಬೇಕೆಂಬುದು ಕಟ್ಟುನಿಟ್ಟಿನ ನಿಯಮ. ಅಗಸೆ ಎಣ್ಣೆಯಲ್ಲಿ ಅರೆದ ಬಣ್ಣ ನೀರು ಆರಿದಂತೆ ಆರುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಕೆಳಗಿನ ಪದರ ನಿಧಾನಕ್ಕೆ ಗಟ್ಟಿಯಾಗುತ್ತ ಕದಲಿದರೆ ಮೇಲಿನದು ಬಿರುಕು ಬಿಡುತ್ತದೆ.

ಚರ್ಮದ ಬಣ್ಣಕ್ಕೆ ಅಂಗಡಿಯಲ್ಲಿ ಟ್ಯೂಬು ಸಿಗುತ್ತದೆ, ಆದರೆ ಬಲ್ಲವರು ಅದನ್ನು ಮುಟ್ಟುವುದಿಲ್ಲ. ಯೆಲ್ಲೋ ಓಕರ್ ಎಂಬ ಮಣ್ಣಿನ ಹಳದಿ, ಬರ್ನ್ಟ್ ಸಿಯೆನ್ನಾ ಎಂಬ ಸುಟ್ಟ ಕಾವಿಯಂಥ ಕೆಂಗಂದು, ಒಂದು ಕೆಂಪು, ಅಲ್ಟ್ರಾಮರೀನ್ ನೀಲಿ, ಬಿಳಿ ಇಷ್ಟರಲ್ಲೇ ನಮ್ಮ ನಾಡಿನ ಹೆಚ್ಚಿನ ಮುಖಗಳು ಒದಗುತ್ತವೆ. ಪಾಶ್ಚಾತ್ಯ ಕೈಪಿಡಿ ನೋಡಿ ಕಲಿತವರು ಬೆಳಕು ಬಿದ್ದಲ್ಲೆಲ್ಲ ಬಿಳಿ ಬೆರೆಸುತ್ತ ಹೋಗಿ, ಎಣ್ಣೆಗಪ್ಪಿನ ಮುಖಕ್ಕೆ ಸುಣ್ಣ ಬಳಿದಂತೆ ಮಾಡಿಬಿಡುತ್ತಾರೆ. ಕಪ್ಪು ಚರ್ಮದ ಮೇಲೆ ಬೆಳಕಿನ ಹೊಳಪು ಆಕಾಶದ ತಣ್ಣನೆಯ ನೀಲಿಯನ್ನು ಹೊತ್ತು ಚಿಕ್ಕದಾಗಿ, ಚುರುಕಾಗಿ ಕೂತಿರುತ್ತದೆಯೇ ಹೊರತು ಹಿಟ್ಟಿನಂತೆ ಹರಡಿರುವುದಿಲ್ಲ. ಹಣೆ ಹಳದಿಯ ಕಡೆಗೂ, ರಕ್ತ ಹೆಚ್ಚು ಹರಿಯುವ ಮೂಗು-ಕೆನ್ನೆ-ಕಿವಿಗಳು ಕೆಂಪಿನ ಕಡೆಗೂ, ಗಡ್ಡ ಬೋಳಿಸಿದ ಗಂಡಸರ ದವಡೆ ನೀಲಿ-ಹಸಿರಿನ ಕಡೆಗೂ ವಾಲುತ್ತವೆಂಬುದು ಭಾವಚಿತ್ರಕಾರರ ಹಳೆಯ ತಿಳಿವಳಿಕೆ. ಬಣ್ಣದ ಫೋಟೋ ಕೂಡ ಇದನ್ನು ತೋರಿಸುವುದಿಲ್ಲ, ಇಡೀ ಮುಖವನ್ನು ಒಂದೇ ಕಿತ್ತಳೆ-ಕಂದಿನಲ್ಲಿ ಅದ್ದಿಬಿಡುತ್ತದೆ. ಆಗ ಕಲಾವಿದರು ಎದುರಿಗಿರುವ ಯಾರದಾದರೂ ಜೀವಂತ ಮುಖವನ್ನು ನೋಡಿ ಬಣ್ಣ ತೆಗೆದುಕೊಳ್ಳಬೇಕಾಗುತ್ತದೆ.

ಕೊನೆಯ ಪದರದಲ್ಲಿ ಕಣ್ಣು. ಕಣ್ಣಿನ ಬಿಳಿಭಾಗ ಬಿಳಿಯಲ್ಲ, ರೆಪ್ಪೆಯ ನೆರಳು ಬಿದ್ದ ಬೂದು. ಅಲ್ಲಿ ಅಚ್ಚ ಬಿಳಿ ಹಚ್ಚಿದರೆ ವ್ಯಕ್ತಿ ಬೆದರಿದಂತೆ ಕಾಣುತ್ತಾರೆ. ಫ್ಲಾಶ್ ಬಳಸಿದ ಫೋಟೋದಲ್ಲಿ ಪಾಪೆಯ ನಟ್ಟನಡುವೆ ಬಿದ್ದಿರುವ ಹೊಳಪಿನ ಚುಕ್ಕೆಯನ್ನು ಬೆಳಕು ಬರುವ ಕಡೆಗೆ, ಪಾಪೆಯ ಮೇಲಂಚಿಗೆ ಸರಿಸಿದೊಡನೆ ನೋಟಕ್ಕೆ ದಿಕ್ಕು ಬರುತ್ತದೆ. ಫೋಟೋದಲ್ಲಿ ಕಿವಿ, ಕೂದಲು, ಕೋಟಿನ ಅಂಚು ಎಲ್ಲವೂ ಒಂದೇ ಸಮನೆ ಸ್ಪಷ್ಟವಾಗಿದ್ದರೂ ಚಿತ್ರದಲ್ಲಿ ಕಣ್ಣಿನ ಸುತ್ತ ಮಾತ್ರ ಅಂಚುಗಳನ್ನು ಚೂಪಾಗಿ ಉಳಿಸಿಕೊಂಡು, ನೆರಳಿನ ಪಕ್ಕದ ಕೆನ್ನೆಯ ಅಂಚನ್ನು ಹಿನ್ನೆಲೆಯಲ್ಲಿ ಕರಗಿಸಿಬಿಡಲಾಗುತ್ತದೆ. ನಕ್ಕ ಮುಖದ ಹಲ್ಲುಗಳನ್ನು ಒಂದೊಂದಾಗಿ ಎಣಿಸಿ ಬರೆಯುವುದನ್ನಂತೂ ಅನುಭವಿಗಳು ಮಾಡುವುದಿಲ್ಲ. ಮಾಡಿದರೆ ನಗು ಹೋಗಿ ಹಲ್ಲಷ್ಟೇ ಉಳಿಯುತ್ತದೆ. ಚಿತ್ರ ಪೂರ್ತಿ ಒಣಗಿ ವಾರ್ನಿಷ್ ಎಳೆಯಲು ಆರು ತಿಂಗಳಿನಿಂದ ಒಂದು ವರ್ಷ ಕಾಯಬೇಕು, ಆದರೆ ಅನಾವರಣದ ದಿನಾಂಕ ಅಚ್ಚಾಗಿಹೋದ ಮೇಲೆ ಕಾಯುವವರು ಕಡಿಮೆ.

ಇಷ್ಟೆಲ್ಲ ಆದ ಮೇಲೂ ಚಿತ್ರವನ್ನು ಒಪ್ಪುವವರು ಮನೆಯವರು. ಅವರು ಹೋಲಿಸುವುದು ಫೋಟೋದೊಡನೆ ಅಲ್ಲ, ನೆನಪಿನೊಡನೆ; ಫೋಟೋಕ್ಕೆ ಕೂದಲೆಳೆಯಷ್ಟೂ ತಪ್ಪದ ಚಿತ್ರವನ್ನು ‘ಅಪ್ಪ ಹೀಗಿರಲಿಲ್ಲ’ ಎಂದು ಮಗಳು ತಿರಸ್ಕರಿಸಿದರೆ ವಾದಿಸಿ ಫಲವಿಲ್ಲ, ಬಹುಮಟ್ಟಿಗೆ ಅವಳ ಮಾತೇ ಸರಿಯಿರುತ್ತದೆ.

ಆದ್ದರಿಂದ ಹಿರಿಯರ ಚಿತ್ರ ಬರೆಸಬೇಕೆಂದಿರುವವರು ಕಟ್ಟು ಹಾಕಿಸಿದ ಫೋಟೋವನ್ನು ಗಾಜಿನ ಮೇಲಿನಿಂದಲೇ ಮೊಬೈಲಿನಲ್ಲಿ ತೆಗೆದು ಕಳಿಸುವ ಬದಲು, ಮೂಲ ಪ್ರತಿಯನ್ನೂ ಬೇರೆ ಬೇರೆ ವಯಸ್ಸಿನ ನಾಲ್ಕಾರು ಫೋಟೋಗಳನ್ನೂ ಕಲಾವಿದರ ಕೈಗೆ ಕೊಡಬೇಕು. ಬೇರೊಬ್ಬರು ತೆಗೆದು ಪ್ರಕಟಿಸಿದ ಫೋಟೋ ಆದರೆ ಅದರ ಮೇಲಿನ ಹಕ್ಕು ಭಾರತದ ಕಾನೂನಿನಂತೆ ಸಾಮಾನ್ಯವಾಗಿ ಅದನ್ನು ತೆಗೆದವರು ತೀರಿಕೊಂಡ ನಂತರವೂ 60 ವರ್ಷ ಉಳಿಯುವುದರಿಂದ ಅನುಮತಿ ಕೇಳಬೇಕು. ಮೈಬಣ್ಣ ಹೇಗಿತ್ತು, ಮೂಗುತಿ ಯಾವ ಪಕ್ಕಕ್ಕಿತ್ತು, ಸೀರೆ ಯಾವ ಬಣ್ಣದ್ದು ಎಂದು ಹೇಳಬಲ್ಲವರು ಮನೆಯಲ್ಲಿ ಇನ್ನೂ ಇದ್ದರೆ ಅವರನ್ನು ಕೇಳಿ, ಹೆಸರು ಮತ್ತು ಇಸವಿಯೊಡನೆ ಫೋಟೋದ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲ್ಲಿನಿಂದ ಇಂದೇ ಬರೆದಿಡುವುದು ಒಳ್ಳೆಯದು. ಬಾಲ್‌ಪೆನ್ನು ಬೇಡ, ಅದರ ಒತ್ತು ಮುಂಬದಿಯಲ್ಲಿ ಮುಖದ ಮೇಲೆ ಗೆರೆಯಾಗಿ ಏಳುತ್ತದೆ.